ನಾಯಿ ಕಾಲು ಒತ್ತೋ ಕೆಲಸ ಅಂದ್ರೆ ಅಷ್ಟು ಹಗುರಾನಾ?

ನಾಯಿ, ಬೆಕ್ಕುಗಳಿಗೆ ಫಿಸಿಯೋಥೆರಪಿ ಮಾಡುವುದನ್ನೇ ವೃತ್ತಿ ಮಾಡಿಕೊಳ್ತೀನಿ ಅಂತ ಯಾರಾದರೂ ಹುಡುಗ ಹುಡುಗಿ ಹೇಳಿದರೆ ನಮ್ಮಲ್ಲಿ ಸಿಗೋದು ಎರಡೇ ಉತ್ತರ. ಊರಲ್ಲಿ ನಗುತ್ತಾರೆ. ಬೆಂಗಳೂರಲ್ಲಿ "ವಾವ್, ಸೋ ಕ್ಯೂಟ್" ಅಂತಾರೆ. ನನಗೆ ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಕಾಣೋದಿಲ್ಲ. ನಗುವವರೂ ಅದನ್ನು ಕೆಲಸ ಅಂತ ಒಪ್ಪಿಲ್ಲ, ಕ್ಯೂಟ್ ಅನ್ನುವವರೂ ಒಪ್ಪಿಲ್ಲ. ಒಬ್ಬರಿಗೆ ಅದು ಹುಚ್ಚು, ಇನ್ನೊಬ್ಬರಿಗೆ ಅದು ಹವ್ಯಾಸ.

ನಮ್ಮ ತೇರದಾಳದಲ್ಲಿ ಅಕ್ಕನ ಮಗಳು ಈ ವರ್ಷ ಸೆಕೆಂಡ್ ಪಿಯುಸಿ, ಸೈನ್ಸ್. ಅವಳ ತಲೆಯಲ್ಲಿ ಇದೇ ಕೂತಿದೆ. ಮನೆಯಲ್ಲಿ ಹೇಳಿದಾಗ ಅವರಪ್ಪ ಅಂದಿದ್ದು ಒಂದೇ ಮಾತು: "ದನದ ಡಾಕ್ಟರ್ ಆಗ್ತೀನಿ ಅಂದಿದ್ರ ನಡೀತಿತ್ತು. ನಾಯಿ ಕಾಲ ಒತ್ತಾಕ ಇಷ್ಟ ಓದಬೇಕೇನ?" ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪನವರು ಸೇರಿಸಿದರು: "ನಿಮ್ಮ ಮಾಮಾನ್ನ ಕೇಳ, ಬೆಂಗಳೂರಾಗ ನಾಯಿಗೂ ಏಸಿ ರೂಮ್ ಅದಾವಂತ." ಎಲ್ಲರೂ ನಕ್ಕರು. ಅವಳು ನನ್ನ ಮುಖ ನೋಡಿದಳು. "ಮಾಮಾ, ನೀ ಹೇಳ, ಇದು ಖರೇನ ಕೆಲಸ ಹೌದೋ ಅಲ್ಲೋ?"

ಹೌದು ಅಂತ ಒಂದು ಪದದಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಹೌದು ಅಂದ ಮೇಲೆ ಮುಂದಿನ ಪ್ರಶ್ನೆ ಬರುತ್ತೆ: ಅದಕ್ಕೆ ಎಲ್ಲಿ ಓದಬೇಕು? ಯಾರ ಕೈಕೆಳಗೆ ಕಲಿಯಬೇಕು? ಕಾನೂನಿನಲ್ಲಿ ಆ ಕೆಲಸಕ್ಕೆ ಹೆಸರಿದೆಯಾ? ಇಲ್ಲಿ ನನಗೆ ಸಿಟ್ಟು ಬರೋದು. ನಾಯಿ ತಳಿಯ ಹೆಸರಲ್ಲಿ ದೇಶಕ್ಕೆಲ್ಲ ಗೊತ್ತಿರುವ ಮುಧೋಳದಿಂದ ಒಂದು ತಾಸಿನ ದಾರಿಯಲ್ಲಿರುವ ಹುಡುಗಿಗೆ, ನಾಯಿ ಕಾಲು ಸರಿಮಾಡೋದನ್ನು ಕಲಿಸುವ ಒಂದು ನೆಟ್ಟಗಿನ ದಾರಿ ನಾವು ಮಾಡಿಟ್ಟಿಲ್ಲ.

ಎಣ್ಣೆ ಹಚ್ಚಿ ಉಜ್ಜೋದಲ್ಲ ಇದು

ಮೊದಲು ಕೆಲಸ ಏನು ಅಂತ ನೋಡೋಣ. ಇದು ನಾಯಿಗೆ ಸ್ಪಾ ಅಂದುಕೊಂಡವರೇ ಹೆಚ್ಚು.

ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ರಸ್ತೆ ಮೇಲೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಗಲು ರಾತ್ರಿ ಓಡುತ್ತವೆ. ತೋಟದ ಮನೆಗಳ ನಾಯಿಗಳು ಅದರಡಿ ಸಿಗುತ್ತವೆ. ಐದಾರು ತಿಂಗಳ ಮರಿಯ ತೊಡೆ ಮೂಳೆ ಮುರೀತು ಅಂದುಕೊಳ್ಳಿ. ಪಟ್ಟಿ ಕಟ್ಟಿಸಿ ಮೂಲೆಯಲ್ಲಿ ಕೂಡಿಸಿದರೆ ಮೂಳೆ ಕೂಡಿಕೊಳ್ಳಬಹುದು. ಆದರೆ ಕಾಲು ಆಡಿಸದೆ ಬಿಟ್ಟರೆ ಮರಿಯ ತೊಡೆ ಮುಂಭಾಗದ ಸ್ನಾಯು ಬಿಗಿದು, ಮೂಳೆಗೆ ಅಂಟಿಕೊಂಡು, ಕಾಲು ಕೋಲಿನ ಹಾಗೆ ಸೆಟೆದು ನಿಲ್ಲುತ್ತದೆ. ಒಮ್ಮೆ ಹಾಗಾದರೆ ತಿರುಗಿ ಸರಿಹೋಗುವುದು ಬಹಳ ಕಷ್ಟ. ಅಂದರೆ ಮೂಳೆ ಗೆದ್ದಿತು, ಕಾಲು ಸೋತಿತು. ಆ ಕಾಲನ್ನು ಉಳಿಸುವುದು ಸರಿಯಾಗಿ ಮಾಡಿದ ಆಪರೇಶನ್ ಮತ್ತು ಆಮೇಲಿನ ಕೆಲವು ವಾರ ಯಾವ ಕೀಲನ್ನು ಎಷ್ಟು ಮಡಚಬೇಕು, ಯಾವಾಗ ನಿಲ್ಲಿಸಬೇಕು, ಎಷ್ಟು ಹೆಜ್ಜೆ ನಡೆಸಬೇಕು ಅನ್ನುವ ಲೆಕ್ಕ. ಆ ಲೆಕ್ಕದ ಹೆಸರೇ ಫಿಸಿಯೋಥೆರಪಿ.

ಇನ್ನು ಬೆಂಗಳೂರಿಗೆ ಬನ್ನಿ. ಉದ್ದ ಬೆನ್ನು, ಗಿಡ್ಡ ಕಾಲಿನ ಡ್ಯಾಶುಂಡ್ ನೋಡಿದ್ದೀರಿ. ಆ ಆಕಾರವನ್ನು ಮನುಷ್ಯರೇ ಆರಿಸಿ ಆರಿಸಿ ಬೆಳೆಸಿದ್ದು. ಅದೇ ಆಕಾರದ ಜೊತೆಗೆ ಬೆನ್ನಿನ ಡಿಸ್ಕ್ ಬೇಗ ಗಟ್ಟಿಯಾಗಿ ಜಾರುವ ಗುಣವೂ ಬಂತು. ಸೋಫಾದಿಂದ ಜಿಗಿದ ನಾಯಿ ಮರುದಿನ ಹಿಂಗಾಲು ಎಳೆದುಕೊಂಡು ಬರುತ್ತದೆ. ಬೆರಳಿನ ಮೂಳೆಯನ್ನು ಗಟ್ಟಿಯಾಗಿ ಒತ್ತಿದರೆ ನೋವು ಗೊತ್ತಾಗುತ್ತಿದೆಯಾ ಅಂತ ವೈದ್ಯರು ಪರೀಕ್ಷೆ ಮಾಡುತ್ತಾರೆ. ಗೊತ್ತಾಗುತ್ತಿದ್ದರೆ ಮತ್ತೆ ನಡೆಯುವ ಸಾಧ್ಯತೆ ಚೆನ್ನಾಗಿದೆ, ಗೊತ್ತಾಗದಿದ್ದರೆ ಒಂದೊಂದು ಗಂಟೆಯೂ ಮುಖ್ಯ. ಅಲ್ಲಿಂದ ಮುಂದೆ ಆಪರೇಶನ್ ಆಗಲಿ, ಬಿಡಲಿ, ಆ ನಾಯಿಯನ್ನು ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಮಲಗಿದ ಜಾಗದಲ್ಲಿ ಹುಣ್ಣು. ಉಚ್ಚೆ ತಾನಾಗಿ ಹೋಗದಿದ್ದರೆ ಹೊಟ್ಟೆ ಒತ್ತಿ ಮಾಡಿಸಬೇಕು. ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು ಎತ್ತಿ ನಿಲ್ಲಿಸಬೇಕು. ನಿಂತ ಮೇಲೆ ಪಾದ ತಿರುಚಿಕೊಳ್ಳದಂತೆ ಇಡುವುದನ್ನು ಮತ್ತೆ ಕಲಿಸಬೇಕು.

ನೀರೊಳಗಿನ ಟ್ರೆಡ್‌ಮಿಲ್ ವಿಡಿಯೋ ನೋಡಿ ನಗುವವರಿಗೂ ಒಂದು ಮಾತು. ನೀರು ನಾಯಿಯ ಸೊಂಟದ ಮಟ್ಟಕ್ಕೆ ಬಂದರೆ ಅದರ ಕಾಲುಗಳ ಮೇಲೆ ಬೀಳುವ ಭಾರ ಮೈತೂಕದ ಸುಮಾರು 38 ಶೇಕಡಾ. ಮೊಣಕಾಲ ಮಟ್ಟಕ್ಕೆ ಇಳಿಸಿದರೆ ಸುಮಾರು 85. ನೀರು ಎಲ್ಲಿವರೆಗೆ ತುಂಬಬೇಕು ಅನ್ನೋದು ಔಷಧಿಯ ಡೋಸ್ ಇದ್ದ ಹಾಗೆ. ಹೊಳೆಗೆ ಎತ್ತು ಇಳಿಸಿ ಮೈತೊಳೆದ ಯಾವ ರೈತನಿಗೂ ನೀರಲ್ಲಿ ಭಾರ ಹಗುರಾಗುತ್ತೆ ಅಂತ ಗೊತ್ತು. ಎಷ್ಟು ಹಗುರ, ಯಾವ ಕಾಯಿಲೆಗೆ, ಎಷ್ಟು ನಿಮಿಷ ಅನ್ನೋದನ್ನು ಹೇಳುವುದು ಓದು.

ಬೆಕ್ಕಿನ ಕಥೆ ಇನ್ನೂ ಮೋಸದ್ದು. ಬೆಕ್ಕು ಕುಂಟುವುದು ಕಡಿಮೆ, ಕೂಗುವುದೂ ಕಡಿಮೆ. ಕಿಟಕಿಗೆ ಹಾರೋದು ನಿಲ್ಲಿಸುತ್ತೆ, ಬೆನ್ನು ನೆಕ್ಕಿಕೊಳ್ಳೋದು ನಿಲ್ಲಿಸುತ್ತೆ. ನಾವು "ವಯಸ್ಸಾಯ್ತು, ಸೋಮಾರಿ ಆಗಿದೆ" ಅಂತೀವಿ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದರೆ 90ರಲ್ಲಿ ಕೀಲು ಸವೆತದ ಗುರುತು ಇತ್ತು. ಸೋಮಾರಿತನ ಅಲ್ಲ ಸ್ವಾಮಿ, ನೋವು.

ಮೊದಲು ಕಾಯಿಲೆ ಯಾವುದು ಅಂತ ಗೊತ್ತಾಗಲಿ

ಈಗ ನಗರದವರ ಕಡೆ ತಿರುಗುತ್ತೇನೆ, ಅಂದರೆ ನಮ್ಮ ಕಡೆಗೇ. ಇಂಟರ್ನೆಟ್ಟಿನಲ್ಲಿ ಒಂದು ಸರ್ಟಿಫಿಕೇಟ್ ಕೋರ್ಸ್, ಒಂದು ಲೇಸರ್ ಮಷೀನು, ಒಂದು ಇನ್‌ಸ್ಟಾಗ್ರಾಂ ಪೇಜು. ಇಷ್ಟಾದರೆ "ಪೆಟ್ ಫಿಸಿಯೋ" ರೆಡಿ. ನನ್ನ ಟೀಮಿನ ಒಬ್ಬರು ತಮ್ಮ ವಯಸ್ಸಾದ ಲ್ಯಾಬ್ರಡಾರ್ ಮುಂಗಾಲು ಕುಂಟುತ್ತಿದೆ ಅಂತ ಇಂಥ ಒಂದು ಕಡೆ ಕರೆದುಕೊಂಡು ಹೋದರು. ಎರಡು ತಿಂಗಳು ಮಸಾಜು, ಲೇಸರ್, ಬಿಲ್ಲು. ಒಂದು ಎಕ್ಸ್‌ರೇ ಬೇಕು ಅಂತ ಅಲ್ಲಿ ಯಾರೂ ಹೇಳಲಿಲ್ಲ. ಕೊನೆಗೆ ಪಶುವೈದ್ಯರ ಹತ್ತಿರ ಹೋದಾಗ ಅದು ಮೂಳೆ ಕ್ಯಾನ್ಸರ್ ಅಂತ ಗೊತ್ತಾಯಿತು. ಅದಕ್ಕೆ ಬೇಕಿದ್ದದ್ದು ನೋವಿನ ಚಿಕಿತ್ಸೆ ಮತ್ತು ಒಂದು ನಿರ್ಧಾರ. ಸಿಕ್ಕಿದ್ದು ಎರಡು ತಿಂಗಳ ತಿಕ್ಕಾಟ.

ಇದು ಒಬ್ಬರ ದುರದೃಷ್ಟ ಅಂತ ಬಿಡುವ ಹಾಗಿಲ್ಲ. ದೊಡ್ಡ ತಳಿಯ ಮುದಿ ನಾಯಿ ಕುಂಟುತ್ತಿದೆ ಅಂದರೆ ಸಂಧಿವಾತವೂ ಇರಬಹುದು, ಕ್ಯಾನ್ಸರೂ ಇರಬಹುದು. ಉಣ್ಣೆಯಿಂದ ಬರುವ ಜ್ವರದಲ್ಲೂ ಕೀಲು ನೋಯುತ್ತದೆ. ಬೆಕ್ಕು ಇದ್ದಕ್ಕಿದ್ದಂತೆ ಹಿಂಗಾಲು ಎಳೆದುಕೊಂಡು ಕಿರುಚುತ್ತಿದ್ದರೆ ಬೆನ್ನು ಉಳುಕಿರುವುದಕ್ಕಿಂತ, ಹೃದಯದ ತೊಂದರೆಯಿಂದ ರಕ್ತ ಹೆಪ್ಪುಗಟ್ಟಿ ಹಿಂಗಾಲಿನ ರಕ್ತನಾಳ ಕಟ್ಟಿರುವ ಸಾಧ್ಯತೆ ಇದೆ. ಆಗ ಒತ್ತೋದು ತಿಕ್ಕೋದು ಅಲ್ಲ, ಗಾಡಿ ತೆಗೆದು ಆಸ್ಪತ್ರೆಗೆ ಓಡೋದು. ಇನ್ನು ಮನೆಯಲ್ಲೇ ಇದ್ದ ಪ್ಯಾರಾಸಿಟಮಾಲ್ ಕೊಡುವ ಪುಣ್ಯಾತ್ಮರಿದ್ದಾರೆ. ಒಂದೇ ಒಂದು ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು.

ಹಾಗಾಗಿ ಅಕ್ಕನ ಮಗಳಿಗೆ ನಾನು ಹೇಳಿದ್ದು ಇದು: ಇವತ್ತಿನ ಮಟ್ಟಿಗೆ ಪ್ರಾಮಾಣಿಕವಾದ ದಾರಿ ಒಂದೇ. ಮೊದಲು ಪಶುವೈದ್ಯೆ ಆಗು. ಬಿ.ವಿ.ಎಸ್ಸಿ., ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿ ಕಾಲೇಜುಗಳಿವೆ, ಹೊಳೆ ದಾಟಿದರೆ ಅಥಣಿಯಲ್ಲೂ ಇದೆ. ರೈತರ ಮಕ್ಕಳಿಗೆ ಕೋಟಾ ಇದೆ. ಆಮೇಲೆ ಶಸ್ತ್ರಚಿಕಿತ್ಸೆಯಲ್ಲಿ ಎಂ.ವಿ.ಎಸ್ಸಿ. ಮಾಡಿ, ಅದರ ಮೇಲೆ ಈ ವಿದ್ಯೆ ಕಲಿ. ದಾರಿ ಉದ್ದ. ಆದರೆ ಕಾಯಿಲೆ ಯಾವುದು ಅಂತ ತಿಳಿಯದೆ ಕೈ ಹಾಕುವ ಅಪಾಯ ಇಲ್ಲ, ಕಾನೂನೂ ನಿನ್ನ ಜೊತೆ ಇರುತ್ತೆ.

ಕಾನೂನಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ 1984ರದ್ದು. ಅದರ 30ನೇ ಕಲಮಿನ ಪ್ರಕಾರ ನೋಂದಾಯಿತ ಪಶುವೈದ್ಯರಲ್ಲದವರು ಪಶುವೈದ್ಯ ವೃತ್ತಿ ನಡೆಸುವಂತಿಲ್ಲ. ಇನ್ನೊಂದು ಕಡೆ, ಮನುಷ್ಯರ ಫಿಸಿಯೋಥೆರಪಿಸ್ಟರು 2021ರಲ್ಲಿ ಬಂದ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯೊಳಗೆ ಬರುತ್ತಾರೆ. ಅದು ಮನುಷ್ಯರಿಗಷ್ಟೇ. ಒಂದು ಕಾಯ್ದೆಗೆ ಪ್ರಾಣಿ ಗೊತ್ತು, ಫಿಸಿಯೋಥೆರಪಿಸ್ಟ್ ಗೊತ್ತಿಲ್ಲ. ಇನ್ನೊಂದಕ್ಕೆ ಫಿಸಿಯೋಥೆರಪಿಸ್ಟ್ ಗೊತ್ತು, ಪ್ರಾಣಿ ಗೊತ್ತಿಲ್ಲ. ನಡುವಿನ ಸಂದಿಯಲ್ಲಿ ಲೇಸರ್ ಮಷೀನಿನವರು ಅಂಗಡಿ ತೆರೆದಿದ್ದಾರೆ.

ಬ್ರಿಟನ್ನಿನಲ್ಲಿ ಈ ಸಂದಿಯನ್ನು 1962ರಷ್ಟು ಹಿಂದೆಯೇ ಒಂದು ಆದೇಶದಿಂದ ಮುಚ್ಚಿದರು, 2015ರಲ್ಲಿ ಅದನ್ನು ಹೊಸದಾಗಿ ಬರೆದರು. ತಿರುಳು ಸರಳ: ಪಶುವೈದ್ಯರು ಪ್ರಾಣಿಯನ್ನು ನೋಡಿ, ಫಿಸಿಯೋಥೆರಪಿ ಬೇಕು ಅಂತ ಬರೆದುಕೊಡಬೇಕು, ಅವರ ನಿರ್ದೇಶನದಲ್ಲಿ ಬೇರೆಯವರು ಆ ಚಿಕಿತ್ಸೆ ಮಾಡಬಹುದು. ಅಲ್ಲೂ ಎಲ್ಲ ಸರಿ ಇಲ್ಲ. "ವೆಟರ್ನರಿ ಫಿಸಿಯೋಥೆರಪಿಸ್ಟ್" ಅನ್ನುವ ಹೆಸರಿಗೆ ಅಲ್ಲಿ ಕಾನೂನಿನ ರಕ್ಷಣೆ ಇಲ್ಲ, ಯಾರು ಬೇಕಾದರೂ ಬೋರ್ಡಿನಲ್ಲಿ ಬರೆದುಕೊಳ್ಳಬಹುದು. ಅವರ ಆದೇಶದಿಂದ ಕಲಿಯೋಣ, ಅವರ ತೂತಿನಿಂದಲೂ ಕಲಿಯೋಣ.

"ಮನುಷ್ಯರಿಗೇ ಇಲ್ಲ, ನಾಯಿಗ್ಯಾಕೆ?"

ಈ ಪ್ರಶ್ನೆ ಬಂದೇ ಬರುತ್ತೆ. ಬರಲಿ. ರಬಕವಿ, ಬನಹಟ್ಟಿ, ತೇರದಾಳದಲ್ಲಿ ಮಗ್ಗದ ಮುಂದೆ ಕೂತು ಸೊಂಟ ಹಿಡಿದುಕೊಂಡ ನೇಕಾರರು ಓಣಿಗೊಬ್ಬರು ಸಿಗುತ್ತಾರೆ. ಅವರಿಗೆ ಫಿಸಿಯೋಥೆರಪಿ ಬೇಕಾ? ಬೇಕೇ ಬೇಕು. ಆದರೆ ನಾನು ಗಮನಿಸಿದ್ದು ಏನಂದರೆ, ನಾಯಿಯ ಮಾತು ತೆಗೆದಾಗ ಮಾತ್ರ ನೇಕಾರರ ಸೊಂಟ ನೆನಪಾಗುವವರೇ ಜಾಸ್ತಿ. ಬೇರೆ ದಿನ ಅವರು ಆ ಸೊಂಟದ ಬಗ್ಗೆ ಒಂದು ಅರ್ಜಿ ಬರೆದಿದ್ದು ನಾನು ಕಂಡಿಲ್ಲ. ನಾಯಿಗೆ ಕೊಡದೆ ಉಳಿಸಿದ್ದು ನೇಕಾರನಿಗೆ ಹೋಗುತ್ತೆ ಅನ್ನೋದಾದರೆ ಇಷ್ಟು ವರ್ಷ ನಾಯಿಗೆ ಏನೂ ಕೊಟ್ಟಿಲ್ಲವಲ್ಲ, ನೇಕಾರನಿಗೆ ಏನು ಸಿಕ್ಕಿದೆ?

ಇನ್ನೊಂದು, ನಮ್ಮ ಊರಿನ ನಾಯಿ ಸೋಫಾದ ನಾಯಿ ಅಲ್ಲ. ತೋಟದಲ್ಲಿ ಮನೆ ಮಾಡಿಕೊಂಡವರಿಗೆ ರಾತ್ರಿ ಕಾವಲು ಅದೇ. ಕುರಿ ಹಿಂಡಿನ ಜೊತೆ ಊರೂರು ತಿರುಗುವವರಿಗೆ ತೋಳದಿಂದ ಕುರಿ ಉಳಿಸೋದು ಅದೇ. ಅದು ಕಾಲು ಮುರಿದುಕೊಂಡರೆ ಮನೆಯ ಒಬ್ಬ ದುಡಿಯುವವ ಮಲಗಿದ ಹಾಗೆ.

ಮತ್ತೆ ಈ ವಿದ್ಯೆ ನಾಯಿಯಲ್ಲೇ ನಿಲ್ಲೋದಿಲ್ಲ. ಕರು ಹಾಕಿದ ಮೇಲೆ ಏಳಲಾರದೆ ಬಿದ್ದ ಆಕಳನ್ನು ನೋಡಿದ್ದೀರಾ? ಕ್ಯಾಲ್ಸಿಯಂ ಬಾಟಲಿ ಏರಿಸಿದ ಮೇಲೂ ಕೆಲವು ಏಳುವುದಿಲ್ಲ. ಒಂದೇ ಮಗ್ಗುಲಿಗೆ ಬಹಳ ಹೊತ್ತು ಬಿದ್ದರೆ ತನ್ನ ಭಾರಕ್ಕೆ ತನ್ನದೇ ಕಾಲಿನ ಸ್ನಾಯು, ನರ ಸತ್ತುಹೋಗುತ್ತವೆ. ಮೆತ್ತನೆ ಹುಲ್ಲಿನ ಮೇಲೆ ಮಲಗಿಸಿ, ದಿನಕ್ಕೆ ಹಲವು ಸಲ ಮಗ್ಗುಲು ಹೊರಳಿಸಿ, ಹಿಂಗಾಲು ತಿಕ್ಕಿ, ಹಗ್ಗ ಗೋಣಿಚೀಲ ಹಾಕಿ ಎತ್ತಿ ನಿಲ್ಲಿಸೋದನ್ನು ನಮ್ಮ ಹಿರಿಯರು ಮಾಡುತ್ತಾ ಬಂದಿದ್ದಾರೆ. ನಾಯಿ ಫಿಸಿಯೋ ಮಾಡುವವರ ಕೈಯಲ್ಲಿರುವುದೂ ಹೆಚ್ಚೂಕಡಿಮೆ ಅದೇ ತಿಳಿವಳಿಕೆ. ನಾಯಿಗೆ ಕಲಿತ ಕೈ ಆಕಳಿಗೂ ಬರುತ್ತೆ. ತೇರದಾಳದಲ್ಲಿ ಕೂತು ಹೊಟ್ಟೆಗೆ ಆಗುತ್ತಾ ಅಂತ ಕೇಳಿದ ಅವಳ ಅಪ್ಪನಿಗೆ ನನ್ನ ಉತ್ತರ ಇದು: ಬರೀ ನಾಯಿ ಬೆಕ್ಕಿನಿಂದ ಇವತ್ತು ಆಗೋದಿಲ್ಲ. ಒಂದು ಆಕಳು ಎದ್ದು ನಿಂತರೆ ಆ ರೈತನಿಗೆ ಉಳಿಯುವ ದುಡ್ಡು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

"ಹಾಗಾದರೆ ಇರುವ ಪಶುವೈದ್ಯರೇ ಮಾಡಲಿ" ಅನ್ನುವವರೂ ಇದ್ದಾರೆ. ತಾಲ್ಲೂಕಿನ ಪಶು ಆಸ್ಪತ್ರೆಯ ಡಾಕ್ಟರರ ಒಂದು ದಿನ ನೋಡಿ ಬನ್ನಿ. ಕಾಲುಬಾಯಿ ಲಸಿಕೆ, ಕೃತಕ ಗರ್ಭಧಾರಣೆ, ಕಷ್ಟದ ಹೆರಿಗೆ, ವಿಮೆ ಸರ್ಟಿಫಿಕೇಟು, ಪೋಸ್ಟ್‌ಮಾರ್ಟಮ್ಮು. ಒಂದು ನಾಯಿಯ ಜೊತೆ ಮುಕ್ಕಾಲು ತಾಸು ನೆಲದಲ್ಲಿ ಕೂತು ಕಾಲು ಆಡಿಸಲು ಅವರಿಗೆ ಪುರುಸೊತ್ತು ಎಲ್ಲಿದೆ? ಮನುಷ್ಯರ ಆಸ್ಪತ್ರೆಯಲ್ಲಿ ಸರ್ಜನ್ನೇ ಬಂದು ವ್ಯಾಯಾಮ ಮಾಡಿಸಲಿ ಅಂತ ಯಾರೂ ಹೇಳೋದಿಲ್ಲ.

ಹೆಮ್ಮೆಗೆ ಖರ್ಚಿಲ್ಲ

2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಬಂತು. ಆಮೇಲೆ ಸೇನೆಯವರು ಮರಿಗಳನ್ನು ಮೀರತ್ತಿಗೆ ತರಬೇತಿಗೆ ಒಯ್ದರು. 2020ರ ಆಗಸ್ಟಿನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಅದರ ಹೆಸರು ಹೇಳಿದರು. ಪ್ರತಿ ಸಲವೂ ನಮ್ಮ ಜಿಲ್ಲೆಯ ವಾಟ್ಸಾಪ್ ಗ್ರೂಪುಗಳಲ್ಲಿ ಹಬ್ಬ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಮರಿ ಸಾಕಿ ಮಾರಿ ಬದುಕುವ ಕುಟುಂಬಗಳಿವೆ.

ತಳಿ ಶುದ್ಧ ಇಡೋದು ದೊಡ್ಡ ಕೆಲಸವೇ. ಆದರೆ ನಾವು ತಳಿಯ ಬಗ್ಗೆ ಆಡುವ ಮಾತಿನಲ್ಲಿ ನಾಯಿ ಎಲ್ಲಿದೆ? ಎತ್ತರ ಎಷ್ಟು, ವೇಗ ಎಷ್ಟು, ರೇಟು ಎಷ್ಟು. ಇದು ಓಡುವುದಕ್ಕಾಗಿಯೇ ಹುಟ್ಟಿದ ನಾಯಿ. ಕೊಬ್ಬಿಲ್ಲದ ಮೈ, ತೆಳು ಚರ್ಮ, ಉದ್ದ ಕಾಲು. ಜೋರಾಗಿ ಓಡುವ ಇಂಥ ನಾಯಿಗಳಲ್ಲಿ ತೊಡೆ ಸ್ನಾಯು ಹರಿಯೋದು, ಬೆರಳು ಕೀಲು ತಪ್ಪೋದು ಹೊಸದಲ್ಲ. ನಮ್ಮ ಕಡೆ ನಾಯಿ ಓಟದ ಸ್ಪರ್ಧೆ ಇಡುತ್ತೇವೆ. ಗೆದ್ದ ನಾಯಿಗೆ ಗುಲಾಲು. ಓಟದಲ್ಲಿ ಸ್ನಾಯು ಹರಿದುಕೊಂಡ ನಾಯಿಗೆ? ಎರಡು ದಿನ ಅರಿಶಿನ ಪಟ್ಟು, ಆಮೇಲೆ "ಇದು ಇನ್ನ ಉಪಯೋಗಿಲ್ಲ".

ಬೆಂಗಳೂರಿನ ನಾವು ಇದಕ್ಕಿಂತ ಮೇಲೇನಲ್ಲ. ದುಬಾರಿ ಮರಿ ತರುತ್ತೇವೆ. ಜಾರುವ ವಿಟ್ರಿಫೈಡ್ ಟೈಲ್ಸ್ ಮೇಲೆ ಓಡಾಡಿಸುತ್ತೇವೆ. ತೂಕ ಏರಿಸುತ್ತೇವೆ. ಹಿಂಗಾಲು ಬಿದ್ದ ದಿನ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ "ಫಾರ್ ಅಡಾಪ್ಷನ್, ಲವಿಂಗ್ ಹೋಮ್ ಬೇಕು" ಅಂತ ಮೆಸೇಜ್. ಒಂದು ಕಡೆ ಗುಲಾಲು, ಇನ್ನೊಂದು ಕಡೆ ಬರ್ತ್‌ಡೇ ಕೇಕು. ಮುರಿದ ಕಾಲಿನ ಹತ್ತಿರ ಇಬ್ಬರೂ ಇಲ್ಲ.

ಏನು ಮಾಡಬಹುದು?

ಬರೀ ಬೈದು ಹೋಗೋನಲ್ಲ ನಾನು. ಕೇಳೋದು ಮೂರು.

ಒಂದು, ಸರ್ಕಾರಕ್ಕೆ. ನಾನು ಹೇಳಿದ ಅದೇ 30ನೇ ಕಲಮಿನಲ್ಲಿ ಒಂದು ಸಣ್ಣ ಬಾಗಿಲು ಇದೆ. ಪಶು ಪರಿವೀಕ್ಷಕರಂಥ ಡಿಪ್ಲೊಮಾ, ಸರ್ಟಿಫಿಕೇಟ್ ಪಡೆದವರಿಗೆ, ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಮಾಡಲು ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಲಸಿಕೆ, ಬೀಜ ಒಡೆಯುವುದು, ಗಾಯ ಕಟ್ಟುವುದು ಅದರಲ್ಲಿ ಈಗಾಗಲೇ ಇವೆ. ಇನ್ನೇನು ಸೇರಬೇಕು ಅಂತ ರಾಜ್ಯವೇ ಗೆಜೆಟ್ಟಿನಲ್ಲಿ ಪ್ರಕಟಿಸಬಹುದು. ವೈದ್ಯರು ಬರೆದುಕೊಟ್ಟ ವ್ಯಾಯಾಮ ಮಾಡಿಸುವುದು, ಕಾವು ಕೊಡುವುದು, ಎದ್ದೇಳದ ಪ್ರಾಣಿಯ ಆರೈಕೆ, ಇಷ್ಟನ್ನು ಆ ಪಟ್ಟಿಗೆ ಸೇರಿಸಲು ದೆಹಲಿಗೆ ಹೋಗಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಮಾಡಿದ ಹಳ್ಳಿಯ ಹುಡುಗ ಹುಡುಗಿಯರಿಗೆ ಇದೊಂದು ಹೊಸ ಕಸುಬು ಆಗುತ್ತೆ.

ಎರಡು, ವಿಶ್ವವಿದ್ಯಾಲಯಕ್ಕೆ. ಬಿ.ವಿ.ಎಸ್ಸಿ. ಓದಿನಲ್ಲಿ ಫಿಸಿಯೋಥೆರಪಿ ಶಸ್ತ್ರಚಿಕಿತ್ಸೆಯ ಬಾಲದ ಹಾಗೆ ಬಂದು ಹೋಗುತ್ತೆ. ಪಶುವೈದ್ಯರಿಗಾಗಿ ಇದರದೇ ಒಂದು ಸ್ನಾತಕೋತ್ತರ ಡಿಪ್ಲೊಮಾ ತೆರೆಯಿರಿ. ಮನುಷ್ಯರ ಫಿಸಿಯೋಥೆರಪಿ ಓದಿದ ಬಿ.ಪಿ.ಟಿ.ಯವರನ್ನೂ ಪಾಠಕ್ಕೆ ಕರೆಯಿರಿ, ಸ್ನಾಯು ಕೀಲಿನ ವಿದ್ಯೆ ಅವರಿಗೆ ಚೆನ್ನಾಗಿ ಗೊತ್ತು. ಅದರ ಪ್ರಾಯೋಗಿಕ ಕಲಿಕೆಗೆ ತಿಮ್ಮಾಪುರಕ್ಕಿಂತ ಒಳ್ಳೆ ಜಾಗ ಯಾವುದಿದೆ? ಓಡುವ ನಾಯಿ ಅಲ್ಲೇ ಇದೆ, ಸಾಕುವವರು ಅಲ್ಲೇ ಇದ್ದಾರೆ. ಬ್ರೀಡಿಂಗ್ ಕೇಂದ್ರದ ಪಕ್ಕ ಕಾಲು ಸರಿಮಾಡುವ ಒಂದು ಕೊಠಡಿ ಇರಲಿ.

ಮೂರು, ನಿಮಗೆ. ಪೆಟ್ ಫಿಸಿಯೋ ಹತ್ತಿರ ಹೋದಾಗ ಮೊದಲ ಪ್ರಶ್ನೆ ರೇಟಿನದ್ದು ಆಗದಿರಲಿ. "ನೀವು ನೋಂದಾಯಿತ ಪಶುವೈದ್ಯರಾ? ಅಲ್ಲದಿದ್ದರೆ ಯಾವ ಪಶುವೈದ್ಯರು ನೋಡಿ ಬರೆದುಕೊಟ್ಟ ಮೇಲೆ ನೀವು ಕೈ ಹಾಕುತ್ತೀರಿ?" ಅಂತ ಕೇಳಿ. ಉತ್ತರ ತಡವರಿಸಿದರೆ ನಾಯಿ ಎತ್ತಿಕೊಂಡು ಹೊರಗೆ ಬನ್ನಿ. ಉತ್ತರ ಸರಿಯಾಗಿದ್ದರೆ ಚೌಕಾಸಿ ಮಾಡಬೇಡಿ. ಮನೆಯಲ್ಲಿ ನಾಯಿ ಓಡಾಡುವ ದಾರಿಗೆ ರಬ್ಬರ್ ಮ್ಯಾಟ್ ಹಾಕಿ, ಅದರ ತೂಕ ಇಳಿಸಿ. ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡಿಸಿ. ವಾರಕ್ಕೆ ಎರಡು ಸಿಟ್ಟಿಂಗಿನಿಂದ ಕಾಲು ಬರೋದಿಲ್ಲ, ಉಳಿದ ಐದು ದಿನ ನಿಮ್ಮ ಕೈಯಿಂದ ಬರಬೇಕು.

ನಮ್ಮ ತಲೆಮಾರಿಗೆ ಕೋಡ್ ಬರೆಯೋದೊಂದೇ ಮರ್ಯಾದೆಯ ಕೆಲಸ ಅಂತ ಹೇಳಿ ಬೆಳೆಸಿದರು. ಕೈಯಿಂದ ಮುಟ್ಟಿ ಮಾಡುವ ಕೆಲಸವೆಲ್ಲ ಕೀಳಾಯ್ತು. ಮುಟ್ಟುವುದು ಪ್ರಾಣಿಯನ್ನಾದರೆ ಇನ್ನೂ ಕೀಳು. ಆ ಮರ್ಯಾದೆಯ ಲೆಕ್ಕವನ್ನು ಮುಂದಿನ ತಲೆಮಾರಿಗೂ ದಾಟಿಸುವುದು ಬೇಡ. ಯಾರಾದರೂ ಹುಡುಗಿ ನಾಯಿ ಕಾಲು ಸರಿಮಾಡೋದು ಕಲೀತೀನಿ ಅಂದರೆ ನಗಬೇಡಿ, ಕ್ಯೂಟ್ ಅಂತಲೂ ಅನ್ನಬೇಡಿ. ಎಷ್ಟು ವರ್ಷದ ಓದು, ಫೀ ಎಷ್ಟು, ನಾವು ಏನು ಮಾಡಬಹುದು ಅಂತ ಕೇಳಿ. ಬೇರೆ ಕೆಲಸಗಳಿಗೆಲ್ಲ ಹಾಗೇ ತಾನೇ ಕೇಳ್ತೀವಿ?